ಹಡಗು ಕಂಪನಿಗಳ ಹಳೆಯ ಜಾಹೀರಾತುಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಉಗಿಹಡಗುಗಳ ಕಾಲದ ಭಿತ್ತಿಪತ್ರಗಳಲ್ಲಿ ಹಡಗುಗಳು ಬೆಟ್ಟದಷ್ಟು ಎತ್ತರವಾಗಿ ಕಾಣುತ್ತವೆ. ಅವು ನಿಜಕ್ಕೂ ಅಷ್ಟು ದೊಡ್ಡವಾಗಿದ್ದವೆ, ಅಥವಾ ಅದು ಕಲಾವಿದರ ಉತ್ಪ್ರೇಕ್ಷೆಯೆ?
– ಓದುಗರೊಬ್ಬರು, ಧಾರವಾಡ

ಉತ್ತರ: ಹಡಗುಗಳು ದೊಡ್ಡವೇ ಆಗಿದ್ದವು, ಕಲಾವಿದರು ಅವುಗಳನ್ನು ಇನ್ನಷ್ಟು ದೊಡ್ಡದಾಗಿ ತೋರಿಸಿದರು. 1911ರಲ್ಲಿ ಸಂಚಾರ ಆರಂಭಿಸಿದ ವೈಟ್ ಸ್ಟಾರ್ ಲೈನ್ ಕಂಪನಿಯ ಒಲಿಂಪಿಕ್ ಹಡಗಿನ ಉದ್ದ 882 ಅಡಿಗೂ ಹೆಚ್ಚು. ಬರಿಯ ಅಂಕಿಯನ್ನು ಓದಿದವರಿಗೆ ಆ ಗಾತ್ರದ ಅಂದಾಜು ಸಿಗಲಾರದೆಂದು ಕಂಪನಿಗೆ ತಿಳಿದಿತ್ತು. ಆದುದರಿಂದ ಅದರ ಪ್ರಚಾರಚಿತ್ರವೊಂದರಲ್ಲಿ ಹಡಗನ್ನು ಕಂಬದ ಹಾಗೆ ನೆಟ್ಟಗೆ ನಿಲ್ಲಿಸಿ, ಅದರ ಅಕ್ಕಪಕ್ಕದಲ್ಲಿ ನ್ಯೂಯಾರ್ಕಿನ ವುಲ್‌ವರ್ತ್ ಕಟ್ಟಡ, ಜರ್ಮನಿಯ ಕಲೋನ್ ನಗರದ ಮಹಾ ಇಗರ್ಜಿ, ಈಜಿಪ್ಟಿನ ಪಿರಮಿಡ್ ಮುಂತಾದವುಗಳನ್ನು ಸಾಲಾಗಿ ಬಿಡಿಸಲಾಯಿತು. ಆ ಸಾಲಿನಲ್ಲಿ ಎಲ್ಲಕ್ಕಿಂತ ಎತ್ತರವಾಗಿ ನಿಂತದ್ದು ಹಡಗು.

ಗಾತ್ರಕ್ಕೆ ಇಷ್ಟು ಒತ್ತು ಕೊಡಲು ಕಾರಣವಿತ್ತು. ಚಳಿಗಾಲದ ಅಟ್ಲಾಂಟಿಕ್ ಸಾಗರವನ್ನು ದಾಟುವುದೆಂದರೆ ಹೊಟ್ಟೆ ತೊಳಸುವ ಹೊಯ್ದಾಟ ಮತ್ತು ಜೀವಭಯ ಎಂದೇ ಜನ ಭಾವಿಸಿದ್ದ ಕಾಲದಲ್ಲಿ, ದೊಡ್ಡ ಹಡಗು ಅಲುಗುವುದಿಲ್ಲ, ಮುಳುಗುವುದಿಲ್ಲ ಎಂಬ ನಂಬಿಕೆಯನ್ನು ಹುಟ್ಟಿಸಿದರೆ ಮಾತ್ರ ಟಿಕೆಟ್ ಮಾರಾಟವಾಗುತ್ತಿತ್ತು. ಹೊಗೆಕೊಳವೆಗಳ ವಿಷಯದಲ್ಲಿಯೂ ಇದೇ ಲೆಕ್ಕಾಚಾರ ನಡೆಯಿತು. ಕೊಳವೆಗಳು ಹೆಚ್ಚಿದ್ದಷ್ಟೂ ಹಡಗು ಬಲಶಾಲಿ ಎಂದು ಪ್ರಯಾಣಿಕರು ತಿಳಿದಿದ್ದರು. ಒಲಿಂಪಿಕ್ ಮತ್ತು ಟೈಟಾನಿಕ್ ಹಡಗುಗಳ ನಾಲ್ಕನೆಯ ಕೊಳವೆಗೆ ಬಾಯ್ಲರ್‌ಗಳ ಸಂಪರ್ಕವೇ ಇರಲಿಲ್ಲ, ಅದು ಮುಖ್ಯವಾಗಿ ಗಾಳಿಯ ಸಂಚಾರಕ್ಕೆ ಬಳಕೆಯಾಗುತ್ತಿತ್ತು. ಆದರೂ ಭಿತ್ತಿಪತ್ರಗಳಲ್ಲಿ ನಾಲ್ಕೂ ಕೊಳವೆಗಳು ಸಮಾನ ಠೀವಿಯಿಂದ ನಿಂತಿವೆ. ಜರ್ಮನಿಯ ಹ್ಯಾಂಬರ್ಗ್ ಅಮೆರಿಕ ಲೈನ್ ಇನ್ನೂ ಮುಂದೆ ಹೋಗಿ, 1913ರಲ್ಲಿ ಯಾನ ಆರಂಭಿಸಿದ ತನ್ನ ಇಂಪರೇಟರ್ ಹಡಗಿನ ಮೂತಿಗೆ ಕಂಚಿನ ಬೃಹತ್ ಹದ್ದನ್ನು ಕೂರಿಸಿತು. ನನ್ನ ದೃಷ್ಟಿಯಲ್ಲಿ ಅದು ಕಡಲಿನ ಮೇಲೆ ತೇಲಿದ ಜಾಹೀರಾತೇ ಸರಿ.

ಉತ್ಪ್ರೇಕ್ಷೆಯನ್ನು ಕಲೆಯ ಎತ್ತರಕ್ಕೆ ಒಯ್ದವರು ಉಕ್ರೇನಿನ ಖಾರ್ಕಿವ್‌ನಲ್ಲಿ 1901ರಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ಕೆಲಸ ಮಾಡಿದ ಕಸಾಂಡ್ರ್. 1931ರಲ್ಲಿ ಅವರು ಲ'ಅಟ್ಲಾಂಟಿಕ್ ಹಡಗಿಗಾಗಿ ರಚಿಸಿದ ಭಿತ್ತಿಪತ್ರದಲ್ಲಿ ಹಡಗಿನ ಒಡಲು ಕಾಗದವನ್ನೆಲ್ಲ ತುಂಬುವ ಗೋಡೆಯಾಗಿದೆ. ಅದರ ಬುಡದಲ್ಲಿರುವ ಟಗ್ ದೋಣಿ ಆಟಿಕೆಯಷ್ಟೇ ಚಿಕ್ಕದು. ಎರಡು ವರ್ಷವೂ ತುಂಬುವ ಮೊದಲೇ, 1933ರ ಜನವರಿಯಲ್ಲಿ, ಆ ಹಡಗು ಬೆಂಕಿಗೆ ಆಹುತಿಯಾಯಿತು. 1935ರ ನಾರ್ಮಂಡಿ ಭಿತ್ತಿಪತ್ರವನ್ನು ನಾನು ಇದಕ್ಕಿಂತಲೂ ಮೇಲೆಂದು ಎಣಿಸುತ್ತೇನೆ. ಅಲ್ಲಿ ಕಸಾಂಡ್ರ್ ನೋಡುವವರನ್ನೇ ನೀರಿನ ಮಟ್ಟಕ್ಕೆ ಇಳಿಸಿ, ಹಡಗಿನ ಮೂತಿಗೆ ಎದುರಾಗಿ ನಿಲ್ಲಿಸುತ್ತಾರೆ. ಬುಡದಲ್ಲಿ ಹಾರುವ ಕೆಲವು ಬಿಳಿ ಹಕ್ಕಿಗಳ ಹೊರತು ಅಳತೆಗೆ ಬೇರೆ ಆಸರೆಯಿಲ್ಲ. ಸುಮಾರು 313 ಮೀಟರ್ ಉದ್ದದ ಹಡಗಿನ ಉದ್ದವನ್ನು ತೋರಿಸದೆಯೇ ಅದರ ಅಗಾಧತೆಯನ್ನು ಮನಸ್ಸಿಗೆ ಮುಟ್ಟಿಸಿದ ಈ ಜಾಣ್ಮೆ ಅಪೂರ್ವವಾದದ್ದು.

ಪ್ರಶ್ನೆ: ಇಂತಹ ಜಾಹೀರಾತುಗಳು ಕೇವಲ ಶ್ರೀಮಂತರಿಗಾಗಿ ಇದ್ದವೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಗೋಡೆಯ ಮೇಲೆ ಉಳಿದುಬಂದ ಚಿತ್ರಗಳನ್ನು ನೋಡಿದರೆ ಹಾಗೆಯೇ ಅನಿಸುತ್ತದೆ. ಆದರೆ ಮೊದಲ ಮಹಾಯುದ್ಧದ ಮುಂಚೆ ಅಟ್ಲಾಂಟಿಕ್ ದಾಟುತ್ತಿದ್ದ ಹಡಗುಗಳ ಆದಾಯದ ದೊಡ್ಡ ಪಾಲು ಕೆಳ ಅಂತಸ್ತಿನಲ್ಲಿ ಒತ್ತೊತ್ತಾಗಿ ಪಯಣಿಸಿದ ವಲಸೆಗಾರರಿಂದ ಬರುತ್ತಿತ್ತು. ಬೆಲ್ಜಿಯಮ್ಮಿನ ಆಂಟ್‌ವರ್ಪ್ ಬಂದರಿನಿಂದ ಹೊರಡುತ್ತಿದ್ದ ರೆಡ್ ಸ್ಟಾರ್ ಲೈನ್ ಒಂದೇ 1873ರಿಂದ 1934ರವರೆಗೆ ಸುಮಾರು 20 ಲಕ್ಷ ಜನರನ್ನು ಸಾಗಿಸಿತು. ಅವರನ್ನು ತಲುಪಿದ್ದು ಊರೂರಿನ ಏಜೆಂಟರು, ಹೊರಡುವ ದಿನಾಂಕ ಮತ್ತು ದರಗಳನ್ನು ಮುದ್ರಿಸಿದ ಸಾದಾ ಕರಪತ್ರಗಳು, ಹಾಗೂ ಅಮೆರಿಕದಲ್ಲಿ ನೆಲೆಸಿದ್ದ ಬಂಧುಗಳು ಮುಂಗಡ ಹಣ ಕಟ್ಟಿ ಕಳುಹಿಸುತ್ತಿದ್ದ ಟಿಕೆಟ್‌ಗಳು. ಓದಿ ಬಿಸಾಡುವ ಆ ಕರಪತ್ರಗಳನ್ನು ಯಾರೂ ಚೌಕಟ್ಟು ಹಾಕಿಸಿ ಇಡಲಿಲ್ಲ. ಆದುದರಿಂದ ಲಕ್ಷಾಂತರ ಬಡವರ ಪಯಣದ ಪ್ರಚಾರ ನಮ್ಮ ಕಣ್ಣಿನಿಂದ ಮರೆಯಾಗಿದೆ ಎಂಬುದು ನನಗೆ ನೋವಿನ ಸಂಗತಿ.

1921 ಮತ್ತು 1924ರ ಕಾನೂನುಗಳಿಂದ ಅಮೆರಿಕವು ವಲಸೆಗೆ ಕಡಿವಾಣ ಹಾಕಿದಾಗ ಆ ಅಂತಸ್ತುಗಳು ಬರಿದಾದವು. ಆಗ ಕಂಪನಿಗಳು ಅದೇ ಜಾಗವನ್ನು ಸುಧಾರಿಸಿ, 'ಟೂರಿಸ್ಟ್ ಥರ್ಡ್' ಎಂಬ ಹೊಸ ಹೆಸರಿಟ್ಟು, ಯೂರೋಪನ್ನು ಅಗ್ಗದಲ್ಲಿ ನೋಡಬಯಸುವ ಅಮೆರಿಕದ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳನ್ನು ಜಾಹೀರಾತುಗಳ ಮೂಲಕ ಕರೆಯತೊಡಗಿದವು. ಮಧ್ಯಮವರ್ಗದವರೂ ರಜೆಯಲ್ಲಿ ಸಾಗರ ದಾಟಬಹುದೆಂಬ ಆಸೆಯನ್ನು ಬಿತ್ತಿದ್ದರಲ್ಲಿ ಈ ಜಾಹೀರಾತುಗಳ ಪಾತ್ರ ದೊಡ್ಡದು.

ಪ್ರಶ್ನೆ: ಹಳೆಯ ಹಡಗಿನ ಪೋಸ್ಟರ್ ಒಂದು ಮಾರಾಟಕ್ಕಿದೆ. ಅದು ಆ ಕಾಲದ್ದೋ, ಈಚಿನ ಮರುಮುದ್ರಣವೋ ಎಂದು ತಿಳಿಯುವುದು ಹೇಗೆ?
– ಓದುಗರೊಬ್ಬರು, ಮಂಗಳೂರು

ಉತ್ತರ: ಭೂತಗನ್ನಡಿ ಹಿಡಿದು ಬಣ್ಣದ ಭಾಗವನ್ನು ನೋಡಿರಿ. ಆ ಕಾಲದ ಬಹುಪಾಲು ಭಿತ್ತಿಪತ್ರಗಳು ಕಲ್ಲಚ್ಚಿನ ವಿಧಾನದಲ್ಲಿ, ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಅಚ್ಚಿನಿಂದ ಮುದ್ರಿತವಾದವು. ನಿಮ್ಮ ಊರಿನಲ್ಲಿಯೇ 1843ರಲ್ಲಿ ಹೊರಟ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಕೂಡ ಕಲ್ಲಚ್ಚಿನದೇ. ಇಂತಹ ಮುದ್ರಣದಲ್ಲಿ ಬಣ್ಣ ಒಂದೇ ಹರಹಾಗಿ, ಇಲ್ಲವೆ ಕ್ರಮವಿಲ್ಲದ ಕಣಗಳಾಗಿ ಕಾಣುತ್ತದೆ. ಕ್ರಮಬದ್ಧವಾದ ಸಣ್ಣ ಚುಕ್ಕಿಗಳ ಜಾಲ ಕಂಡರೆ, ಅದು ಛಾಯಾಚಿತ್ರದಿಂದ ತೆಗೆದ ನಕಲಾಗಿರುವ ಸಾಧ್ಯತೆಯೇ ಹೆಚ್ಚು. ಕೆಳಅಂಚಿನಲ್ಲಿ ಮುದ್ರಕರ ಹೆಸರು ಇದೆಯೇ, ಮಡಿಕೆಯ ಗುರುತುಗಳು ಕಾಗದದಲ್ಲಿಯೇ ಇವೆಯೇ ಅಥವಾ ಮುದ್ರಣದಲ್ಲಿ ಮೂಡಿವೆಯೇ ಎಂಬುದನ್ನೂ ಪರೀಕ್ಷಿಸಿರಿ. ಅನುಮಾನ ಉಳಿದರೆ, ಹಣ ಕೊಡುವ ಮುನ್ನ ಹಳೆಯ ಕಾಗದಗಳ ಸಂರಕ್ಷಣೆಯಲ್ಲಿ ಪಳಗಿದವರಿಗೆ ತೋರಿಸುವುದು ಒಳ್ಳೆಯದು.