ಜುಲೈನಲ್ಲಿ ಮಲ್ಪೆ: ಸೇಂಟ್ ಮೇರಿಸ್ ದ್ವೀಪವೋ, ಕಾಪು ಲೈಟ್‌ಹೌಸೋ?

ಜುಲೈನಲ್ಲಿ ಉಡುಪಿ ಹತ್ತಿರದ ಮಲ್ಪೆಗೆ ಹೋಗ್ತಿದ್ದೀನಿ, ಸೇಂಟ್ ಮೇರಿಸ್ ದ್ವೀಪ ನೋಡಲೋ ಕಾಪು ಲೈಟ್‌ಹೌಸ್ ನೋಡಲೋ ಅಂತ ಕೇಳಿದ್ದೀರಿ. ರೂಮು ಅರ್ಧ ರೇಟಿಗೆ ಸಿಗ್ತಿದೆ ಅಂತಲೂ ಬರೆದಿದ್ದೀರಲ್ಲ, ಅಲ್ಲೇ ನಿಲ್ಲಿ. ನಾನೂ ಅದನ್ನೇ ನೋಡಿ ಬಿದ್ದವನು.

ಐದಾರು ವರ್ಷದ ಹಿಂದೆ, ಇದೇ ಜುಲೈ. ಅಮ್ಮನನ್ನು ಕರೆದುಕೊಂಡು ಮೆಜೆಸ್ಟಿಕ್‌ನಲ್ಲಿ ರಾತ್ರಿ ಬಸ್ಸು ಹತ್ತಿದೆ. ಬೆಳಿಗ್ಗೆ ಉಡುಪಿ, ಅಲ್ಲಿಂದ ಮಲ್ಪೆ. ನೋಡಿದರೆ ಬೋಟುಗಳೆಲ್ಲ ಬಂದರಿನಲ್ಲಿ ಒತ್ತೊತ್ತಾಗಿ ಕಟ್ಟಿ ನಿಂತಿವೆ. ದ್ವೀಪಕ್ಕೆ ಹೋಗೋದು ಎಲ್ಲಿಂದ ಅಂತ ಮೀನು ಮಾರುವ ಹೆಂಗಸೊಬ್ಬರನ್ನು ಕೇಳಿದೆ. "ಮಳೆಗಾಲದಲ್ಲಿ ಎಂತ ದ್ವೀಪ ಮಾರಾಯ್ರೆ" ಅಂದರು.

ನಾನು ರೇಟು ನೋಡಿದೆ, ಕ್ಯಾಲೆಂಡರ್ ನೋಡಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಮೀನು ಮರಿ ಮಾಡುವ ಕಾಲ, ಜೊತೆಗೆ ಸಮುದ್ರದ ಅಬ್ಬರ. ನಾಡದೋಣಿಗಳಿಗೆ ಅವಕಾಶ ಇದೆ, ಆದರೆ ಅಲೆ ಬಿಡಬೇಕಲ್ಲ. ದ್ವೀಪದ ಬೋಟೂ ಮಳೆಗಾಲ ಮುಗಿಯೋವರೆಗೆ ಬಂದ್. ತಾಜಾ ಬಂಗುಡೆ ಆಸೆಯಲ್ಲಿ ಹೋದವನಿಗೆ ಸಿಕ್ಕಿದ್ದು ಬೇರೆ ಕಡೆಯಿಂದ ಬಂದ ಐಸ್ ಮೀನು. ರೂಮು ಅಗ್ಗ ಆಗಿದ್ದೇ ಇದಕ್ಕೆ. ನನಗೆ ಮಾತ್ರ ಅದೃಷ್ಟ ಅನ್ನಿಸಿತ್ತು.

"ಬಾಗಿಲು ಹಾಕಿದ ಅಂಗಡಿಗೆ ಕರ್ಕೊಂಡು ಬಂದಿದ್ದೀಯಲ್ಲೋ" ಅಂದರು ಅಮ್ಮ. ಕೊನೆಗೆ ಮಲ್ಪೆಯಲ್ಲೇ ಇರುವ ವಡಭಾಂಡೇಶ್ವರದ ಬಲರಾಮನ ಗುಡಿಗೆ ಹೋದೆವು. ಬಿರುಗಾಳಿಗೆ ಸಿಕ್ಕ ಹಡಗನ್ನು ಮಧ್ವಾಚಾರ್ಯರು ಉಳಿಸಿದರು, ಅದರಲ್ಲಿದ್ದ ಗೋಪಿಚಂದನದ ಗಡ್ಡೆಯಲ್ಲಿ ಕೃಷ್ಣ, ಬಲರಾಮರ ಮೂರ್ತಿ ಸಿಕ್ಕವು ಅನ್ನೋ ಕಥೆ ಈ ದಡದ್ದೇ. ಕೊಡೆ ಉಲ್ಟಾ ಆಗುವ ಗಾಳಿಯಲ್ಲಿ ನಿಂತು ಕೇಳಿದರೆ ಕಥೆ ಸಲೀಸಾಗಿ ನಂಬಿಕೆ ಆಗುತ್ತದೆ.

ಕಾಪು ಲೈಟ್‌ಹೌಸ್ 1901ರದ್ದು, ಚೆನ್ನಾಗಿದೆ. ಆದರೆ ದ್ವೀಪವೋ ಕಾಪುವೋ ಅನ್ನೋ ಪ್ರಶ್ನೆಯೇ ಸರಿಯಿಲ್ಲ ಅಂತೀನಿ. ಮಲ್ಪೆ ಅಂದರೆ ಬಂದರು. ಡಿಸೆಂಬರ್‌ನಲ್ಲಿ ಮತ್ತೆ ಹೋದೆವು. ಬೆಳಕು ಹರಿಯೋ ಮೊದಲೇ ಬೋಟು ಖಾಲಿ ಮಾಡುತ್ತಿದ್ದರು. ಬುಟ್ಟಿ ಬುಟ್ಟಿ ಬೂತಾಯಿ ಮೀನು, ಹರಾಜಿನ ಕೂಗು, ತಲೆ ಮೇಲೆ ಹದ್ದುಗಳು. ಚಪ್ಪಲಿ ವಾಸನೆ ಬೆಂಗಳೂರಿನವರೆಗೂ ಬಂತು, ಅದು ಬೇರೆ ಮಾತು. ಆಮೇಲೆ ದ್ವೀಪ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲಕ್ಕೆ ಉಕ್ಕಿದ ಲಾವಾ, ತಣ್ಣಗಾಗುತ್ತಾ ಸೀಳಿ ಕಂಬ ಕಂಬವಾಗಿ ನಿಂತಿದೆ. ಅಮ್ಮ ಒಂದು ಕಂಬದ ಮೇಲೆ ಅರ್ಧ ಗಂಟೆ ಸುಮ್ನೆ ಕೂತಿದ್ದರು.

ರೂಮು ಕ್ಯಾನ್ಸಲ್ ಮಾಡಿ. ಡಿಸೆಂಬರ್‌ನಲ್ಲಿ ರೇಟು ಜಾಸ್ತಿ ಇರುತ್ತೆ, ಕೊಡಿ.