ಪ್ಯಾಲಡಿನ್‌ನ ಶಕ್ತಿಗಳನ್ನು ಅವಸರದಲ್ಲಿ ಕಸಿಯಬೇಡಿ

ದಾಳ ಉರುಳಿಸುತ್ತ ಪಾತ್ರ ವಹಿಸಿ ಕತೆ ಕಟ್ಟುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟವಾಡುವ ವಿಜಯಪುರದ ನಿಮ್ಮ ತಂಡದಲ್ಲಿ ಪ್ಯಾಲಡಿನ್ ಪಾತ್ರವು (ಪ್ರತಿಜ್ಞೆಗೆ ಬದ್ಧವಾದ ಪವಿತ್ರ ಯೋಧ) ಶರಣಾದ ದರೋಡೆಕೋರನನ್ನು ಕೊಂದಿದೆ, ಆಟ ನಡೆಸುವವರಾಗಿ ಅದರ ಶಕ್ತಿಗಳನ್ನೆಲ್ಲ ಕಸಿಯಬೇಕೇ ಎಂದು ಕೇಳಿದ್ದೀರಿ. ಈ ಆಟದ 3.5ನೆಯ ಆವೃತ್ತಿಯಲ್ಲಿ ಪ್ಯಾಲಡಿನ್ ಬೇಕೆಂದೇ ಒಂದು ದುಷ್ಕೃತ್ಯ ಎಸಗಿದರೂ ಮಂತ್ರಗಳು, ವಿಶೇಷ ಶಕ್ತಿಗಳು ಹೋಗಿಬಿಡುತ್ತಿದ್ದವು. 2014ರ 5ನೆಯ ಆವೃತ್ತಿಯಾದರೋ ಪಾತ್ರ ತೊಟ್ಟ ಪ್ರತಿಜ್ಞೆಯನ್ನೇ ಮುಖ್ಯವಾಗಿಸಿಕೊಂಡು, ಪಶ್ಚಾತ್ತಾಪವಿದ್ದರೆ ರಾತ್ರಿಯಿಡೀ ಪ್ರಾರ್ಥನೆ ಅಥವಾ ಉಪವಾಸದಂಥ ಪ್ರಾಯಶ್ಚಿತ್ತಕ್ಕೆ ಅವಕಾಶ ಕೊಡುತ್ತದೆ. ಇದೇ ಸರಿಯಾದ ಕ್ರಮವೆಂಬುದು ನನ್ನ ದೃಢ ಅಭಿಪ್ರಾಯ, ಏಕೆಂದರೆ ಶಕ್ತಿಯೆಲ್ಲ ಕಳೆದುಕೊಂಡ ಆಟಗಾರರು ಉಳಿದವರು ದಾಳ ಉರುಳಿಸುವುದನ್ನು ನೋಡುತ್ತ ಕೂರಬೇಕಾಗುತ್ತದೆ. ಆದರೆ ಯಾವ ಪ್ರತಿಜ್ಞೆ ಎಂಬುದನ್ನು ನೋಡಿ: ಪ್ರತೀಕಾರದ ಪ್ರತಿಜ್ಞೆ ತೊಟ್ಟ ಪಾತ್ರವು ಕಡುವೈರಿಗೆ ಕರುಣೆ ತೋರಬೇಕಾಗಿಲ್ಲ. ಭಕ್ತಿಯ ಪ್ರತಿಜ್ಞೆಯ ಪಾತ್ರಕ್ಕೆ ಶರಣಾದವನನ್ನು ಕೊಲ್ಲುವುದು ದೊಡ್ಡ ಲೋಪ. ಮೊದಲು ಆ ಆಟಗಾರರೊಂದಿಗೆ ಪ್ರತ್ಯೇಕವಾಗಿ ಮಾತನಾಡಿ, ನಂತರ ಪ್ಯಾಲಡಿನ್ ಗಾಯ ಮಾಯಿಸಲು ಕೈಯಿಟ್ಟಾಗ ಬೆಳಕು ತಡವಾಗಿ ಮೂಡಿತೆಂದು ಆಟದಲ್ಲೇ ಎಚ್ಚರಿಕೆ ಕೊಡಿ. ಆಮೇಲೂ ಪಶ್ಚಾತ್ತಾಪ ಕಾಣದಿದ್ದರೆ ಮಾತ್ರ ಆ ಪಾತ್ರವನ್ನು ಪ್ಯಾಲಡಿನ್ ಬಿಟ್ಟು ಬೇರೆ ವರ್ಗಕ್ಕೆ (ಪಾತ್ರದ ಬಗೆಗೆ) ಬದಲಾಯಿಸುವ ಮಾತೆತ್ತಿ.