ಜರ್ಮನಿಗೆ ಹೊರಟಿದ್ದೇನೆ, ಹೆಲ್ತ್ ಇನ್ಶೂರೆನ್ಸ್ ಪಬ್ಲಿಕ್ ತಗೊಳ್ಳಲಾ, ಪ್ರೈವೇಟಾ?

ಸಂಬಳ ವರ್ಷಕ್ಕೆ 80,000 ಯೂರೋ, ಮನೆಯವರು ಮತ್ತು ಮಗು ಆರು ತಿಂಗಳ ಮೇಲೆ ಬರುತ್ತಾರೆ, ಏಜೆಂಟ್ ಒಬ್ಬರು ಪ್ರೈವೇಟೇ ಅಗ್ಗ ಅಂತಿದ್ದಾರೆ ಎಂದು ಬರೆದಿದ್ದೀರಿ. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಅದು ನಿಮ್ಮೊಬ್ಬರ ಲೆಕ್ಕ. ಪ್ರೈವೇಟ್ ಮಾಡಿಸಿದರೆ ಅವರಿಗೆ ಕಮಿಷನ್ ಉಂಟು, ಅದನ್ನೂ ನೆನಪಿಡಿ. ನಾನು ಪಬ್ಲಿಕ್ ತಗೊಂಡೆ, ನಿಮಗೂ ಅದನ್ನೇ ಹೇಳುತ್ತೇನೆ.

ಪಬ್ಲಿಕ್‌ನಲ್ಲಿ ವಯಸ್ಸು, ಕಾಯಿಲೆ ಯಾವುದನ್ನೂ ನೋಡುವುದಿಲ್ಲ. ಸಂಬಳದ ಮೇಲೆ ಕಂತು. 2025ರ ಲೆಕ್ಕದಲ್ಲಿ 14.6%, ಅದರ ಮೇಲೆ ಸರಾಸರಿ 2.5% ಹೆಚ್ಚುವರಿ. ಅರ್ಧ ಕಂಪನಿ ಕೊಡುತ್ತದೆ. ಆ ವರ್ಷ ತಿಂಗಳಿಗೆ 5,512.50 ಯೂರೋ ಸಂಬಳದವರೆಗೆ ಮಾತ್ರ ಹಿಡಿಯುತ್ತಿದ್ದರು, ಅದರಾಚೆ ಎಷ್ಟು ಬಂದರೂ ಕಂತು ಅಷ್ಟೇ. ಆ ಲೆಕ್ಕಕ್ಕೆ ನಿಮ್ಮ ಪಾಲು ತಿಂಗಳಿಗೆ ಸುಮಾರು 470 ಯೂರೋ. ವಯಸ್ಸಾದ ಮೇಲೆ ಬೇಕಾಗುವ ಆರೈಕೆಗಾಗಿ ಇರುವ ಇನ್ನೊಂದು ಇನ್ಶೂರೆನ್ಸ್ ಕಡ್ಡಾಯ, ಅದಕ್ಕೆ ಮತ್ತೆ ನೂರರ ಹತ್ತಿರ. ಮೊದಲ ಸ್ಯಾಲರಿ ಸ್ಲಿಪ್ ನೋಡಿದಾಗ ನನಗೂ ಹೊಟ್ಟೆ ಉರಿಯಿತು.

ಆದರೆ ಅದೇ ದುಡ್ಡಿನಲ್ಲಿ, ಮನೆಯವರು ಕೆಲಸಕ್ಕೆ ಹೋಗದಿದ್ದರೆ ಅವರೂ ಬರುತ್ತಾರೆ, ಮಗುವೂ ಬರುತ್ತದೆ. ಪ್ರೈವೇಟ್‌ನಲ್ಲಿ ತಲೆಗೊಂದು ಕಂತು. ನನ್ನ ಸಹೋದ್ಯೋಗಿಯೊಬ್ಬರು ಒಂಟಿಯಾಗಿದ್ದಾಗ ಪ್ರೈವೇಟ್ ತಗೊಂಡು ಖುಷಿಯಾಗಿದ್ದರು. ಸ್ಪೆಷಲಿಸ್ಟ್ ಡಾಕ್ಟರ್ ಅಪಾಯಿಂಟ್‌ಮೆಂಟ್ ಅವರಿಗೆ ಬೇಗ ಸಿಗುತ್ತಿತ್ತು, ಅದು ನಿಜ. ಮದುವೆಯಾಗಿ ಹೆಂಡತಿ ಬಂದರು, ಅವರಿಗೆ ಥೈರಾಯ್ಡ್. ಹಳೇ ರಿಪೋರ್ಟ್ ಎಲ್ಲ ಕೇಳಿ, ಕಂತಿನ ಮೇಲೆ ಇನ್ನಷ್ಟು ಹಾಕಿದರು. ಬಿಲ್ಲೂ ಹೆಚ್ಚಾಗಿ ಮೊದಲು ನೀವೇ ಕಟ್ಟಿ, ಆಮೇಲೆ ವಾಪಸ್ ಪಡೆಯಬೇಕು.

ಆಮೇಲೆ ಪಬ್ಲಿಕ್‌ಗೆ ಬದಲಾಯಿಸಿದರಾಯಿತು ಅಂದುಕೊಳ್ಳಬೇಡಿ. ಇಷ್ಟು ಸಂಬಳದವರೆಗೆ ಪಬ್ಲಿಕ್ ಕಡ್ಡಾಯ ಅಂತ ಪ್ರತಿ ವರ್ಷ ಒಂದು ಮಿತಿ ಇರುತ್ತದೆ; ಸಂಬಳ ಅದಕ್ಕಿಂತ ಕೆಳಗೆ ಇಳಿಯಬೇಕು, ಅಥವಾ ಕೆಲಸ ಹೋಗಬೇಕು. 2025ರಲ್ಲಿ ಆ ಮಿತಿ ವರ್ಷಕ್ಕೆ 73,800 ಯೂರೋ ಇತ್ತು. ವಯಸ್ಸು 55 ದಾಟಿದ ಮೇಲಂತೂ ಬಾಗಿಲು ಹೆಚ್ಚುಕಡಿಮೆ ಮುಚ್ಚಿದ ಹಾಗೇ.

ಇಷ್ಟು ಓದಿ ಮರೆತರೂ ಇದೊಂದನ್ನು ಮರೆಯಬೇಡಿ. ನಿಮ್ಮ ಸಂಬಳ ಮಿತಿಗಿಂತ ಜಾಸ್ತಿ, ಹಾಗಾಗಿ ನೀವು ತಾನಾಗೇ ಪಬ್ಲಿಕ್‌ಗೆ ಸೇರುವುದಿಲ್ಲ. ಜರ್ಮನಿಯಲ್ಲಿ ಮೊದಲ ಸಲ ಕೆಲಸಕ್ಕೆ ಸೇರುವವರಿಗೆ ಸ್ವಇಚ್ಛೆಯಿಂದ ಸೇರಲು ಅವಕಾಶ ಇದೆ, ಆದರೆ ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. 'ಮನೆಯವರು ಬರಲಿ, ಆಮೇಲೆ ನೋಡೋಣ' ಅಂತ ಕೂತರೆ ಆರು ತಿಂಗಳು ಆಗಿರುತ್ತದೆ, ಅಲ್ವಾ?

ಯಾವ ಕ್ರಾಂಕನ್‌ಕಾಸೆ (ಪಬ್ಲಿಕ್ ಇನ್ಶೂರೆನ್ಸ್ ಕೊಡುವ ಸಂಸ್ಥೆ) ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಟಿಕೆ, ಬಾರ್ಮರ್, ಎಓಕೆ, ಎಲ್ಲದರಲ್ಲೂ ಸಿಗುವುದು ಬಹುಪಾಲು ಒಂದೇ. ಹೆಚ್ಚುವರಿ ಶೇಕಡಾ ಎಷ್ಟು, ಇಂಗ್ಲಿಷ್‌ನಲ್ಲಿ ಮಾತಾಡುತ್ತಾರಾ ಅಂತ ನೋಡಿ ಸಾಕು. ಹಿಡಿಸದಿದ್ದರೆ 12 ತಿಂಗಳ ಮೇಲೆ ಬೇರೆಯದಕ್ಕೆ ಹೋಗಬಹುದು.

ವೀಸಾಕ್ಕೆ ಅಂತ ಮಾಡಿಸುವ ಅಗ್ಗದ ಟ್ರಾವೆಲ್ ಪಾಲಿಸಿ ಕೆಲಸಕ್ಕೆ ಸೇರುವ ದಿನದವರೆಗೆ ಮಾತ್ರ ಎಂದುಕೊಳ್ಳಿ. ನಾನು ಆ ನಂಬರನ್ನೇ ಎಚ್‌ಆರ್‌ಗೆ ಕೊಟ್ಟಿದ್ದೆ. ಆಕೆ ನಕ್ಕು, ಇದು ನಡೆಯೋದಿಲ್ಲ ಅಂದರು.

ಅಪ್ಪ-ಅಮ್ಮ ನಿಮ್ಮ ಪಬ್ಲಿಕ್ ಇನ್ಶೂರೆನ್ಸ್‌ನಲ್ಲಿ ಬರುವುದಿಲ್ಲ, ನೋಡಲು ಬಂದರೆ ಬೇರೆ ಟ್ರಾವೆಲ್ ಪಾಲಿಸಿ ಮಾಡಿಸಿ. ದೊಡ್ಡವರ ಕನ್ನಡಕಕ್ಕೂ ಸಾಮಾನ್ಯವಾಗಿ ದುಡ್ಡು ಸಿಗುವುದಿಲ್ಲ. ನನ್ನದು ಒಡೆದಾಗ ಅದು ಗೊತ್ತಾಯಿತು. ಬೆಂಗಳೂರಿನಿಂದ ಹೊರಡುವ ಮುಂಚೆ ಎರಡು ಜೊತೆ ಮಾಡಿಸಿ ತನ್ನಿ, ಹಲ್ಲಿನ ಕೆಲಸ ಏನಾದರೂ ಬಾಕಿ ಇದ್ದರೆ ಅದನ್ನೂ ಮುಗಿಸಿಕೊಂಡೇ ಬನ್ನಿ.